ಎದುರು ಬೆಂಕಿ ಇಟ್ಟವರು

ವಯನಾಡು ಹೊಸ ಜಿಲ್ಲೆಯಾದ ಮೊದಲ ವರ್ಷಗಳಲ್ಲಿ ನಾನು ಸ್ವಯಂಸೇವಕ ರಕ್ಷಣಾ ದಳಕ್ಕೆ ಸೇರಿದೆ. ಬೆಂಕಿ, ನೆರೆ, ಅಪಘಾತ ಏನೇ ಆದರೂ ಅಗ್ನಿಶಾಮಕದವರ ಬೆನ್ನಿಗೆ ನಿಲ್ಲುವುದು ದಳದ ಕೆಲಸ. ಸಂಬಳವಿಲ್ಲ, ಒಂದು ಜೊತೆ ಖಾಕಿ ಬಟ್ಟೆ, ಬೂಟು, ಅಷ್ಟೇ. ಪುಲ್ಪಳ್ಳಿಯಲ್ಲಿ ಭಾನುವಾರದ ಕವಾಯತಿಗೆ ಬರುತ್ತಿದ್ದ ಹನ್ನೊಂದು ಕೆಡೆಟ್‌ಗಳಲ್ಲಿ ಮನೆಯಲ್ಲಿ ಕನ್ನಡ ಆಡುತ್ತಿದ್ದವನು ನಾನೊಬ್ಬನೇ. ನಮ್ಮ ಕಮಾಂಡರಿಗೆ ಅದು ಸೇರುತ್ತಿರಲಿಲ್ಲ. ಸಾಲಿನಲ್ಲಿ ನನ್ನ ಮುಂದೆ ಬಂದಾಗಲೆಲ್ಲ, "ಗಡಿಯಾಚೆಯವನೇ, ಎದೆ ಮುಂದೆ ಮಾಡು" ಅನ್ನುತ್ತಿದ್ದರು. ನನ್ನ ಅಜ್ಜ ಹುಟ್ಟಿದ್ದೂ ಪುಲ್ಪಳ್ಳಿಯಲ್ಲೇ. ಹೇಳಿ ಪ್ರಯೋಜನವಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ತೋಲ್ಪೆಟ್ಟಿಯ ಹತ್ತಿರ ಕಾಡಿಗೆ ಬೆಂಕಿ ಬಿತ್ತು. ನಮ್ಮನ್ನು ಲಾರಿಯಲ್ಲಿ ತುಂಬಿಕೊಂಡು ಹೋದರು. ಕಾಡಿನ ಜನರ ಹಾಡಿಯ ಮುಂದೆ ಇಳಿದಾಗ ಯಾರೂ ಬನ್ನಿ ಎನ್ನಲಿಲ್ಲ. ಗಂಡಸರು ಕತ್ತಿ ಹಿಡಿದು ನಿಂತಿದ್ದರು. ಒಬ್ಬ ಮುದುಕಿ ಮಾತ್ರ ಮುಂದೆ ಬಂದು ನಮ್ಮ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದಿನ ಬೇಸಿಗೆಯ ಬೆಂಕಿಗೆ ಪೇಟೆಯವರು ಅವಳ ಮಗನನ್ನೇ ದೂರಿದ್ದರೆಂದು ಆಮೇಲೆ ತಿಳಿಯಿತು.

"ಬೆಂಕಿ ಇಟ್ಟಿದ್ದು ಯಾರು ಅಂತ ಕೇಳು" ಎಂದು ಕಮಾಂಡರ್ ನನಗೆ ಮಲಯಾಳದಲ್ಲಿ ಅಪ್ಪಣೆ ಮಾಡಿದರು. ಹಾಡಿಯಲ್ಲಿ ಕನ್ನಡ ಆಡುತ್ತಾರೆಂದು ನಾನು ಕನ್ನಡದಲ್ಲೇ ಕೇಳಿದೆ. ಮುದುಕಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. ಆದರೂ ಅವರತ್ತ ತಿರುಗದೆ ನನಗೇ ಕನ್ನಡದಲ್ಲಿ ಹೇಳಿದಳು:

"ಯಾರಿಟ್ರೋ ನಂಗೇನು ಗೊತ್ತು ಮೋನೆ. ಆ ಬಿದ್ರುಮೆಳೆಗೆ ಹೋಗ್ಬ್ಯಾಡಿ. ಗಾಳಿ ಈಗ ತಿರುಗ್ತದೆ. ಈ ದಾರೀಲಿ ನಿಂತು ಎದುರು ತೀ ಕೊಟ್ರೆ ಮಾತ್ರ ನಿಲ್ತದೆ."

ಮೋನೆ, ತೀ ಎರಡೂ ಮಲಯಾಳ: ಮಗನೇ, ಬೆಂಕಿ. ಬರುವ ಬೆಂಕಿಗೆ ತಿನ್ನಲು ಏನೂ ಉಳಿಯದಂತೆ ನಾವೇ ಮೊದಲು ಒಂದು ಪಟ್ಟಿ ಸುಟ್ಟುಬಿಡಬೇಕು ಎಂದು ಅವಳ ಅರ್ಥ. ನಾನು ಹಾಗೆಯೇ ವಿವರಿಸಿದೆ. ಕಮಾಂಡರ ಮುಖ ಕೆಂಪಾಯಿತು.

"ಆರಿಸೋಕೆ ಬಂದವರಿಗೆ ಬೆಂಕಿ ಇಡಿ ಅಂತಾಳಾ? ಏನು ಗುಸುಗುಸು ನಿಮ್ಮಿಬ್ಬರದು? ನೀನು ನಮ್ಮವನೋ, ಇವರವನೋ?"

ಸೀಟಿ ಊದಿದರು. ಹಸಿ ಸೊಪ್ಪಿನ ಕೊಂಬೆ ಹಿಡಿದು ಹನ್ನೊಂದು ಜನವೂ ಬಿದಿರುಮೆಳೆಯೊಳಗೆ ನುಗ್ಗಿದೆವು. ಕಮಾಂಡರ್ ಲಾರಿಯ ಬಳಿಯೇ ಉಳಿದರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ಬಿದಿರಿನ ಗೆಣ್ಣುಗಳು ಸುತ್ತಲೂ ಸಿಡಿಯತೊಡಗಿದವು. ಪಕ್ಕದವನ ಅಂಗಿ ಹಿಡಿದು ಕೆಮ್ಮುತ್ತ, ಬಂದ ದಾರಿ ಕಾಣದೆ ನಿಂತಿದ್ದಾಗ ಹೊಗೆಯಾಚೆಯಿಂದ ಕೂಗು ಕೇಳಿತು:

"ಇತ್ತ! ಬಗ್ಗಿ ಬನ್ನಿ, ಬಗ್ಗಿ!"

ಕೂಗಿದ ಕಡೆಗೆ ತೆವಳಿದೆವು. ಹಾಡಿಯವರು ಅಷ್ಟರಲ್ಲಿ ದಾರಿಯುದ್ದಕ್ಕೂ ಹುಲ್ಲು ಸವರಿ, ನಮಗೊಂದು ಸಂದು ಬಿಟ್ಟು, ಎದುರು ಬೆಂಕಿ ಹಚ್ಚಿದ್ದರು. ನಾವು ದಾಟಿದ್ದೇ ಆ ಸಂದಿಗೂ ಬೆಂಕಿ ಕೊಟ್ಟರು. ಎರಡು ಬೆಂಕಿಗಳೂ ಕೂಡಿ, ತಿನ್ನಲು ಏನೂ ಸಿಗದೆ ಸತ್ತವು. ಒಬ್ಬ ಕೆಡೆಟ್‌ನ ಬಲಗೈ ಸುಟ್ಟಿತ್ತು.

ಮರುಭಾನುವಾರ ಕಮಾಂಡರ್ ನನ್ನ ಮುಂದೆ ಒಂದು ವರದಿ ಇಟ್ಟರು. ಹಾಡಿಯವರು ಕಾಡಿಗೆ ಬೆಂಕಿ ಇಡುವುದನ್ನು ದಳ ಕಣ್ಣಾರೆ ಕಂಡಿದೆ ಎಂದಿತ್ತು. ಉಳಿದ ಹತ್ತು ಜನರೂ ರುಜು ಹಾಕಿದ್ದರು, ಕೈ ಸುಟ್ಟವನು ಎಡಗೈಯಲ್ಲಿ.

"ಇದು ಸುಳ್ಳು" ಎಂದೆ.

"ಬೆಂಕಿ ಇಟ್ಟರೋ ಇಲ್ಲವೋ? ಅಷ್ಟು ಹೇಳು."

"ಇಟ್ಟರು. ನಮ್ಮನ್ನು ಉಳಿಸೋಕೆ."

"ಇಟ್ಟರಲ್ಲ? ರುಜು ಹಾಕು."

ಮುದುಕಿ ಹೇಳಿದ್ದನ್ನೂ ಅವರು ಕೇಳದೆ ಹೋದದ್ದನ್ನೂ ಕೆಳಗೆ ಬರೆದು ರುಜು ಹಾಕಿದೆ. ಅವರು ಓದಿ, ಕಾಗದ ಹರಿದು, ನನ್ನ ಭುಜದ ಪಟ್ಟಿಯನ್ನು ಅಲ್ಲೇ ಕಿತ್ತುಕೊಂಡರು. ಮತ್ತೊಂದು ಕಾಗದಕ್ಕೆ ಹತ್ತು ಜನರೂ ಮತ್ತೆ ರುಜು ಹಾಕಿದರು. ಒಬ್ಬನೂ ನನ್ನತ್ತ ನೋಡಲಿಲ್ಲ.

ಅರಣ್ಯ ಕಚೇರಿಯವರು ಮುದುಕಿಯ ಮಗನನ್ನೂ ಹಾಡಿಯ ಇನ್ನೊಬ್ಬನನ್ನೂ ವಿಚಾರಣೆಗೆ ಕರೆದರು. ನಾನೂ ಹೋಗಿ ಕಂಡದ್ದನ್ನು ಹೇಳಿದೆ. ಕೊನೆಗೆ ಅವರನ್ನು ಬಿಟ್ಟರು. ಹೊರಗೆ ಮುದುಕಿ ಕಾದಿದ್ದಳು. ಒಂದು ಒಳ್ಳೆಯ ಮಾತಾಡಿಯಾಳೆಂದು ನಾನು ಹತ್ತಿರ ಹೋದೆ.

"ನೀ ಕಂಡದ್ದ ಹೇಳ್ದೆ, ಅಷ್ಟೇ" ಎಂದಳು. "ಅದ್ಕೇನು ಕೈ ಮುಗೀಬೇಕಾ ನಿಂಗೆ?"

ಮಗನ ರಟ್ಟೆ ಹಿಡಿದು ಬಸ್ಸಿನತ್ತ ನಡೆದಳು.