ನಿಕ್ಕಲ್ ಕೂರಿಸಿದ ಅತ್ತಿಗೆ

ಗಂಡ ತೀರಿಕೊಂಡ ಮೇಲೆ, ನಲ್ಲಿ, ಚಿಲಕಗಳಿಗೆ ನಿಕ್ಕಲ್ ಪ್ಲೇಟಿಂಗ್ ಮಾಡುವ ಶೆಡ್ಡು ಅವಳ ಮತ್ತು ಮೈದುನನ ಪಾಲಿಗೆ ಬಂತು. ಕೆಲಸಗಾರರು ಬೆನ್ನ ಹಿಂದೆ ಅವಳನ್ನು ಮೊಂಡಕ್ಕ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ಪ್ಲೇಟಿಂಗ್ ಆದ ಸಾಮಾನು ತೊಳೆದ ಹಸಿರು ನೀರು ಹಿಂಗೋಡೆಯ ಪೈಪಿನಿಂದ ಸೀದಾ ಚರಂಡಿಗೆ ಇಳಿಯುತ್ತಿತ್ತು. ಒಂದು ದಿನ ಹಿಂದಿನ ಓಣಿಯ ಹೆಂಗಸೊಬ್ಬಳು ಬಂದು ಎರಡೂ ಕೈ ಚಾಚಿದಳು. ಚರಂಡಿ ಪಕ್ಕದ ಕೈಪಂಪಿನ ನೀರಲ್ಲಿ ಬಟ್ಟೆ ಒಗೆಯುವವಳು. ಬೆರಳ ಸಂದಿಯೆಲ್ಲ ಕೆಂಪಗೆ ಒಡೆದಿತ್ತು. ಅಂಥದೇ ತುರಿಕೆ ಮೊಂಡಕ್ಕನ ಕೈಗೂ ಇತ್ತು; ಅದು ನಿಕ್ಕಲ್ ಕೊಟ್ಟದ್ದೆಂದು ಅವಳಿಗೆ ಗೊತ್ತಿತ್ತು.

"ಇನ್ಮೇಲೆ ಚರಂಡಿಗೆ ಬಿಡೋದು ಬೇಡ," ಎಂದಳು ಮೈದುನನಿಗೆ.

"ಇಡೀ ಬೀದೀನೇ ಬಿಡ್ತಿದೆ ಅತ್ತಿಗೆ. ನಾವೊಬ್ರು ನಿಲ್ಸಿದ್ರೆ ಏನಾಗುತ್ತೆ?"

"ನಮ್ಮ ಪೈಪು ನಿಲ್ಲುತ್ತೆ."

ಅಂದೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಿಮೆಂಟು ಕಲಸಿ, ಪೈಪಿನ ಬಾಯಿಯನ್ನು ತಾನೇ ಮುಚ್ಚಿದಳು. ತೊಟ್ಟಿಗಳು ತುಂಬಿ ಕೆಲಸ ನಿಂತಿತು. "ಇಷ್ಟೂ ನೀರು ಈಗ ನೀವೇ ಕುಡೀತೀರಾ?" ಎಂದು ಮೈದುನ ಚುಚ್ಚಿದ.

ಮದುವೆಗೆ ಮುಂಚೆ ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರ ಇನ್ನೂ ತಲೆಯಲ್ಲಿತ್ತು. ಕಾಸ್ಟಿಕ್ ಸೋಡಾವನ್ನು ನೀರಲ್ಲಿ ಕರಗಿಸಿ, ಮರದ ಹುಟ್ಟಿನಿಂದ ತಿರುವುತ್ತ ತೊಟ್ಟಿಗೆ ಸುರಿದಳು. ಒಂದಿಷ್ಟು ಗಸಿ ಇಳಿಯಿತಾದರೂ ಮೇಲಿನ ನೀರು ಹಸಿರಾಗಿಯೇ ಉಳಿಯಿತು. ಸೋಡಾ ಸಾಲದು. ಕೆಲಸಗಾರರು ಮರೆಯಲ್ಲಿ ನಕ್ಕರು. ಅವಳು ಮತ್ತೆ ಸುರಿದಳು, ಕ್ಷಾರ ಅಳೆಯುವ ಕಾಗದ ಅದ್ದಿ ಅದ್ದಿ ನೋಡುತ್ತ, ಅದು ಕಡುನೀಲಿಗೆ ತಿರುಗುವವರೆಗೆ. ತೊಟ್ಟಿಯೆಲ್ಲ ಒಡೆದ ಹಾಲಿನಂತಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಎಳೆಹಸಿರು ಲೋಳೆ. ಅದೇ ನಿಕ್ಕಲ್ ಹೈಡ್ರಾಕ್ಸೈಡ್; ನೀರಿನಲ್ಲಿ ಕರಗದ್ದರಿಂದ ತಳಕ್ಕೆ ಕೂತಿತ್ತು. ತಿಳಿನೀರನ್ನು ಅವಳು ಸಾಮಾನಿನ ಜಿಡ್ಡು ತೊಳೆಯಲು ಬಳಸಿದಳು.

ಆ ಸಂಜೆ ಮೈದುನ ಸಿಟ್ಟಿನಲ್ಲಿ ಆಸಿಡ್ ಕ್ಯಾನು ತಂದು ಲೋಳೆಯ ಮೇಲೆ ಬಗ್ಗಿಸಿದ. ಆಸಿಡ್‌ನ ಮುಂದೆ ಹೈಡ್ರಾಕ್ಸೈಡ್ ನಿಲ್ಲದು. ನೋಡುನೋಡುತ್ತಲೇ ಕರಗಿ ಪುನಃ ಹಸಿರು ನೀರಾಯಿತು.

"ಮುಗೀತಲ್ಲ ನಿಮ್ಮ ಆಟ," ಎಂದ.

ಅವಳು ಹುಟ್ಟನ್ನು ತಂದು ಅವನ ಕೈಗಿಟ್ಟಳು. "ಕರಗಿಸ್ದೋನು ನೀನು, ಕೂರಿಸೋನೂ ನೀನೇ. ತಿರುವು. ಸೋಡಾ ನಾನು ಹಾಕ್ತೀನಿ."

ಕೆಲಸಗಾರರೆಲ್ಲ ನೋಡುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು ತಿರುವಿದ. ಆದರೆ ಸ್ವಲ್ಪ ದಿನಕ್ಕೇ ಪಾಲು ತೆಗೆದುಕೊಂಡು, ದೊಡ್ಡ ಗಿರಾಕಿಗಳನ್ನೂ ಸೆಳೆದುಕೊಂಡು ಬೇರೆಯಾದ. ಗಂಡನಿಗಿದ್ದ ಒಬ್ಬನೇ ತಮ್ಮ. ಆದರೂ ಅವಳು ತಡೆಯಲಿಲ್ಲ.

ಉಳಿದ ಚಿಲ್ಲರೆ ಕೆಲಸದಲ್ಲೇ ಶೆಡ್ಡು ನಡೆಸಿದಳು. ಲೋಳೆಯನ್ನು ದಪ್ಪ ಬಟ್ಟೆಯಲ್ಲಿ ಹಿಂಡಿ, ಒಣಗಿಸಿ, ಆ ಹಸಿರು ಹೆಂಟೆಗಳನ್ನು ಲೋಹ ತೆಗೆಯುವ ಕಾರ್ಖಾನೆಗೆ ಕಳಿಸುತ್ತಿದ್ದಳು.

ಅವಳ ಪೈಪು ಮುಚ್ಚಿದ್ದನ್ನು ಕಂಡ ಓಣಿಯವರು ಬೀದಿಯ ಉಳಿದ ಶೆಡ್ಡುಗಳ ಬಾಗಿಲಿಗೂ ಹೋಗಿ, ನಿಮ್ಮದೂ ಮುಚ್ಚಿ ಎಂದು ಕೇಳತೊಡಗಿದರು. ಮಾಲೀಕರೆಲ್ಲ ಒಟ್ಟಾಗಿ ಇವಳಲ್ಲಿಗೆ ಬಂದರು.

"ಪೈಪಿನ ಬಾಯಿ ತೆಗೀಮ್ಮ. ನಿನ್ನಿಂದ ನಮಗೆಲ್ಲ ಕಿರಿಕಿರಿ," ಎಂದ ಅವರಲ್ಲಿ ಹಿರಿಯ.

ಮೊಂಡಕ್ಕ ಸ್ಟೂಲುಗಳನ್ನು ಎಳೆದು ಹಾಕಿದಳು. "ಕೂತ್ಕೊಳ್ಳಿ. ಸೋಡಾ ಎಷ್ಟು ಹಾಕ್ಬೇಕು ಅಂತ ಕೇಳೋದಿದ್ರೆ ಹೇಳಿಕೊಡ್ತೀನಿ. ಪೈಪಿನ ಮಾತು ಬೇಡ."

ಒಬ್ಬ ಮಾತ್ರ ಕೂತ.