ಲಕ್ಷ ಬತ್ತಿಯಲ್ಲಿ ಎಂಟು ಕಮ್ಮಿ

"ಎಂಟು ಬತ್ತಿ ಕಮ್ಮಿ ಆಗವೆ ಕಣೆ. ಬೇಗ ಬಂದ್ಬುಡು!"

ಹೋದ ಭಾನುವಾರ ಬೆಳಗ್ಗೆ ಕೊಡಿಗೇನಹಳ್ಳಿಯಿಂದ ನಮ್ಮ ಸೋದರತ್ತೆ ನಿಂಗಮ್ಮನ ಫೋನು. ಎಂಟು ದೀಪದ ಬತ್ತಿಗೋಸ್ಕರ ಯಾರಾದರೂ ಮಧುಗಿರಿಯಿಂದ ಬಸ್ ಹತ್ತುತ್ತಾರಾ? ಹತ್ತಿದೆ. ಅತ್ತೆಯ ದನಿ ಅಳೋ ಹಾಗಿತ್ತು.

ವಿಷಯ ಇಷ್ಟು. ಪಾವಗಡಕ್ಕೆ ಕೊಟ್ಟಿರೋ ಅತ್ತೆ ಮಗಳು ಸವಿತಾ ಈಗ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಈ ಸಲವಾದರೂ ಮಗು ಮಡಿಲಿಗೆ ಬರಲಿ ಅಂತ ಅತ್ತೆ ಲಕ್ಷ ಬತ್ತಿಯ ಹರಕೆ ಹೊತ್ತಿದ್ದರು. ನಾಲ್ಕು ತಿಂಗಳು ಕೂತು ಹೊಸೆದು, ನೂರು ನೂರರಂತೆ ಸಾವಿರ ಕಟ್ಟು ಮಾಡಿಟ್ಟಿದ್ದರು. ಆಗ ಪಕ್ಕದ ಮನೆಯಾಕೆ, "ನೂರಲ್ಲ, ನೂರೆಂಟರ ಕಟ್ಟು ಶ್ರೇಷ್ಠ" ಅಂದಳಂತೆ. (ಪಕ್ಕದ ಮನೆಯವರಿಗೆ ಇಂಥ ಐಡಿಯಾ ಬರೋದು ಕೆಲಸ ಮುಗಿದ ಮೇಲೇ!) ಬಿಚ್ಚಿ ಮತ್ತೆ ಕಟ್ಟಿದರು. ಒಂಬೈನೂರ ಇಪ್ಪತ್ತೈದು ಕಟ್ಟಾಯಿತು. ಕೊನೆಗೆ ನೂರೇ ಬತ್ತಿ ಉಳಿದವು.

"ಇನ್ನೆಂಟು ಹೊಸೆದು ಸೇರಿಸಿಬಿಡಿ ಅತ್ತೆ."

"ತಪ್ಪು ಮುಚ್ಚಾಕೋಕಾ? ಎಲ್ಲೋ ಎಣಿಕೆ ತಪ್ಪೀನಿ. ಎಲ್ಲಾ ಮೊದಲಿಂದ ಹೊಸೀತೀನಿ."

ಅವರ ಬೆರಳ ತುದಿ ನೋಡಿದೆ. ಚರ್ಮ ಸುಲಿದಿತ್ತು.

ಮೊಬೈಲಲ್ಲಿ ಕಟ್ಟಿನ ಲೆಕ್ಕಾನ ನೂರೆಂಟರಿಂದ ಗುಣಿಸಿ, ಉಳಿದ ನೂರು ಕೂಡಿಸಿ ತೋರಿಸಿದೆ. ಕರೆಕ್ಟಾಗಿ ಒಂದು ಲಕ್ಷ.

"ಅಂಗಾರೆ ಯಾಕೆ ಉಳೀತು?"

ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಡೋಳು. ಇಷ್ಟು ಒಳ್ಳೇ ಪ್ರಶ್ನೆ ನನ್ನ ಕ್ಲಾಸಲ್ಲಿ ಬಂದಿಲ್ಲ.

ಉಳಿದಿದ್ದ ನೂರನ್ನೇ ಮುಂದೆ ಸುರಿದೆ. ಹತ್ತು ಬತ್ತೀನ ಮೂರು ಸಮ ಗುಡ್ಡೆ ಮಾಡಿ ಅಂದೆ. ಒಂದು ಉಳೀತು. ನೂರನ್ನೂ ಮಾಡಿಸಿದೆ. ಮೂವತ್ಮೂರರ ಮೂರು ಗುಡ್ಡೆ, ಮತ್ತೆ ಒಂದು.

"ಸಾವಿರಕ್ಕೂ ಒಂದೇಯಾ?"

"ಲಕ್ಷಕ್ಕೂ ಒಂದೇ. ಆದ್ರೆ ನೂರೆಂಟು ಮೂರು ಗುಡ್ಡೆಗೆ ಸರಿಹೋಗುತ್ತೆ, ಮೂವತ್ತಾರರಂತೆ. ಪೂರ್ತಿ ನೂರೆಂಟರ ಕಟ್ಟೇ ಆಗಿದ್ರೆ ಮೂರು ಪಾಲು ಮಾಡಿದಾಗ ಒಂದೂ ಉಳೀಬಾರದು. ಲಕ್ಷದಲ್ಲಿ ಉಳಿಯುತ್ತಲ್ಲ? ಅದಕ್ಕೇ ಲಕ್ಷ ಆ ಲೆಕ್ಕಕ್ಕೆ ಬಗ್ಗಲ್ಲ. ಯಾರು ಕಟ್ಟಿದ್ರೂ ಕೊನೆಗೆ ನೂರು ಉಳಿಯುತ್ತೆ."

"ನನ್ನ ತಪ್ಪಲ್ವಾ?"

"ಅಲ್ಲ. ಲಕ್ಷದ ಗುಣವೇ ಅದು."

ಅತ್ತೆ ಮೂರು ಗುಡ್ಡೇನೂ ಮತ್ತೆ ಒಂದೇ ಗುಡ್ಡೆ ಮಾಡಿದರು. ಆಮೇಲೆ ಅಂದರು: "ಸವಿತಂಗೆ ಹಂಗಾದಾಗ ಡಾಕ್ಟ್ರೂ ಇದನ್ನೇ ಹೇಳಿದ್ರು, ಯಾರ ತಪ್ಪೂ ಅಲ್ಲ ಅಂತ. ನಾನೇ ಅವಳನ್ನ ಗೋಳು ಹುಯ್ಕೊಂಡೆ ಕಣೆ. ಪಪ್ಪಾಯಿ ತಿಂದ್ಯಾ, ಬಿಂದಿಗೆ ಎತ್ತಿದ್ಯಾ, ಸ್ಕೂಟರ್ ಹತ್ತಿದ್ಯಾ..."

ಫೋನ್ ತಗೊಂಡು ಪಾವಗಡಕ್ಕೆ ಮಾಡಿದರು. "ಸವಿತಾ, ಆವಾಗ ನಿಂದೇನೂ ತಪ್ಪಿರ್ಲಿಲ್ಲ ಕಣಮ್ಮ. ನಾನು ಅಂದಿದ್ದೇ ತಪ್ಪು."

ಆ ಕಡೆಯಿಂದ ಅಳು ಕೇಳಿಸಿತು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ?

ಹೆಣ್ಣುಮಗಳೊಬ್ಬಳಿಗೆ ಇಷ್ಟು ಹೇಳೋಕೆ ನಮಗೆ ಲಕ್ಷ ಬತ್ತಿ ಹೊಸೀಬೇಕಾ?