ಗೋಡೆಯೊಳಗಿನ ಎಡಗೈ

ಅಕ್ಕ ಚಹಾ ತಂದಿಟ್ಟರೆ ಕಪ್ಪಿನ ಹಿಡಿಕೆ ಯಾವಾಗಲೂ ನನ್ನ ಎಡಕ್ಕಿರುತ್ತಿತ್ತು. ಅವಳದು ಎಡಗೈ. ಲೋಕವೆಲ್ಲ ತನ್ನ ಹಾಗೆಯೇ ಕಪ್ಪು ಹಿಡಿಯುತ್ತದೆ ಎಂದು ಅವಳ ನಂಬಿಕೆ. ಆ ಬುಧವಾರವೂ ನಾನು ಕಪ್ಪು ತಿರುಗಿಸಿಕೊಂಡು ಕುಡಿದೆ. ಸಿಂಧನೂರಿನ ಬೀಜದಂಗಡಿಯಲ್ಲಿ ನನ್ನ ಕೆಲಸ. ಮಸ್ಕಿಯಿಂದ ಎಂಟರ ಬಸ್ಸು ಹಿಡಿಯಬೇಕು. ಚಪ್ಪಲಿ ಮೆಟ್ಟುವಾಗ ಅಕ್ಕ ಸೌಟಿನ ತುದಿಯಿಂದ ಪಡಸಾಲೆಯ ಗೋಡೆ ತಟ್ಟುತ್ತಿದ್ದಳು.

"ಈ ಗ್ವಾಡಿ ಒಳಗ ಟೊಳ್ಳಾಗೈತಿ. ಗೌಂಡಿನ್ನ ಕರಕೊಂಡು ಬಾ ಅಂದ್ರ ಕಿವಿಗೇ ಹಾಕ್ಕೊಳ್ಳಂಗಿಲ್ಲ ನೀ."

"ಬಿದ್ದ ಮ್ಯಾಲ ನೋಡೂಣು ಬಿಡಕ್ಕ."

"ಹೂಂ, ನಿನ್ನ ತಲಿ ಮ್ಯಾಲ ಬೀಳ್ಲಿ. ಅದೂ ಟೊಳ್ಳ, ಇದೂ ಟೊಳ್ಳ. ಎರಡಕ್ಕೂ ಪೆಟ್ಟಾಗಂಗಿಲ್ಲ."

ನಗುತ್ತ ಬಸ್ಸಿಗೆ ಓಡಿದೆ. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಲಿಂಗಸುಗೂರಿನ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಳು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಈಗ ನಾನೊಬ್ಬ.

ದಿನಕರ್ಮಗಳು ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವಳ ಫೋಟೊ ತೂಗುಹಾಕಲು ಮೊಳೆ ತೆಗೆದುಕೊಂಡೆ. ನನ್ನ ಜಾಣತನ ನೋಡಿ. ಮನೆಯಲ್ಲಿ ನಾಲ್ಕು ಗೋಡೆಗಳಿದ್ದರೂ, ಅವಳು ಟೊಳ್ಳು ಎಂದು ಸೌಟಿನಿಂದ ತಟ್ಟಿ ತೋರಿಸಿದ್ದ ಜಾಗಕ್ಕೇ ಮೊಳೆ ಹೊಡೆದೆ. ಎರಡನೇ ಪೆಟ್ಟಿಗೆ ಸಿಮೆಂಟಿನ ಗಿಲಾವು ಕಿಟಕಿಯಷ್ಟಗಲ ಕಳಚಿ ಕಾಲ ಮುಂದೆ ಬಿತ್ತು. ತಲೆಗೆ ಪೆಟ್ಟಾಗಲಿಲ್ಲ. ಅಕ್ಕನ ಮಾತು ಅಷ್ಟರಮಟ್ಟಿಗೆ ನಿಜವಾಯಿತು.

ಜವಳಗೇರಾದಿಂದ ಗೌಂಡಿ ಖಾಸಿಂಸಾಬ ಬಂದ. ಗೋಡೆಯ ತೂತು ಮುಚ್ಚಲು ಗೌಂಡಿಯನ್ನು ಕರೆದರೆ ಅವನು ಮೊದಲು ಅದನ್ನು ದೊಡ್ಡದು ಮಾಡುತ್ತಾನೆ. ಇದು ನನಗೆ ಗೊತ್ತಿರಲಿಲ್ಲ. ಕರಣೆಯ ಹಿಡಿಯಿಂದ ಸುತ್ತ ತಟ್ಟುತ್ತ, ವೈದ್ಯರು ಎದೆಗೆ ಕಿವಿಗೊಟ್ಟ ಹಾಗೆ ಕೇಳುತ್ತ, ಡಬ್ ಎಂದ ಕಡೆಯೆಲ್ಲ ಕೆಡವುತ್ತ ಹೋದ. ದುಃಖ ಕೇಳಲು ಬಂದವರೂ ಹೀಗೇ ಮಾಡುತ್ತಾರೆ. ಅಲ್ಲಿ ಇಲ್ಲಿ ತಟ್ಟಿ, ನಾವು ಗಟ್ಟಿ ಎಂದುಕೊಂಡಿದ್ದನ್ನೆಲ್ಲ ಬೀಳಿಸಿ, ಚಹಾ ಕುಡಿದು ಹೋಗುತ್ತಾರೆ. ಆದರೆ ಗೌಂಡಿ ಕೆಡವಿದ ಮೇಲೂ ಉಳಿದುಕೊಳ್ಳುತ್ತಾನೆ.

ಪೊರಕೆಯಿಂದ ಧೂಳು ಝಾಡಿಸಿದವನು ಥಟ್ಟನೆ ನಿಂತ. ಸಿಮೆಂಟಿನ ಹಿಂದೆ ಹಳೆಯ ಮಣ್ಣಿನ ಗೋಡೆ ಹಾಗೆಯೇ ಇತ್ತು. ಅದರ ಮೈತುಂಬ ನಾಲ್ಕು ನಾಲ್ಕು ಬೆರಳ ಗೆರೆಗಳು, ಕಮಾನು ಕಮಾನಾಗಿ, ಒಂದರ ಮೇಲೊಂದು. ನೀರು ದಡಕ್ಕೆ ಬಂದು ಹಿಂದೆ ಸರಿದ ಗುರುತಿನ ಹಾಗೆ.

ಖಾಸಿಂಸಾಬ ತನ್ನ ಬಲಗೈ ಇಟ್ಟು ಸವರಿ ನೋಡಿದ. "ಅಣ್ಣಾರ, ನನ್ನ ಕೈ ಕೂಡವಲ್ದು ನೋಡ್ರಿ. ಇದು ಎಡಗೈ ಮಂದಿ ಕೆಲಸ. ಯಾರಿದ್ರು ನಿಮ್ಮನ್ಯಾಗ?"

"ನಮ್ಮಕ್ಕ," ಎಂದೆ. ಅಕ್ಕ ಎಡಗೈಯಲ್ಲಿ ತುತ್ತು ಎತ್ತಿದರೆ ಅವ್ವ "ರೊಡ್ಡಿ" ಎಂದು ಬೈದು ಕೈಮೇಲೆ ಸೌಟಿನಿಂದ ಬಡಿಯುತ್ತಿದ್ದಳು. ಉಣ್ಣಲು, ಬಡಿಸಲು, ಆರತಿ ಎತ್ತಲು ಬಲಗೈಯೇ ಬೇಕು. ಗೋಡೆ ಮೆತ್ತುವುದಕ್ಕೆ ಮಾತ್ರ ಅಂಥ ಶಾಸ್ತ್ರವಿರಲಿಲ್ಲ. ವರ್ಷಕ್ಕೊಮ್ಮೆ ಕೆಂಪು ಮಣ್ಣಿಗೆ ಹೊಟ್ಟು, ಸೆಗಣಿ ಕಲಸಿ ಮೆತ್ತುವ ಆ ಮೂರು ದಿನ ಅವಳ ಎಡಗೈಗೆ ಯಾರ ಅಡ್ಡಿಯೂ ಇರಲಿಲ್ಲ.

ನಮ್ಮೂರ ಬಂಡೆಯ ಮೇಲೆ ಹಳೆಯ ಕಾಲದ ರಾಜನೊಬ್ಬ ಕೆತ್ತಿಸಿದ ಅಕ್ಷರಗಳಿವೆ. ಎಲ್ಲೆಲ್ಲಿಂದಲೋ ಬಂದು ಜನ ಕೈಕಟ್ಟಿ ನಿಂತು ನೋಡುತ್ತಾರೆ. ನಾನೂ ನೋಡಿದ್ದೇನೆ. ಒಂದಕ್ಷರವೂ ತಿಳಿದಿಲ್ಲ. ಈ ಗೋಡೆಯನ್ನು ಮಾತ್ರ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಬಲಗೈ ಇಟ್ಟೆ, ಕೂಡಲಿಲ್ಲ. ಎಡಗೈ ಇಟ್ಟೆ. ಬೆರಳುಗಳು ಒಂದೊಂದಾಗಿ ಗೆರೆಯೊಳಗೆ ಇಳಿದು ಕೂತವು.

"ಮಣ್ಣಿಗೆ ಕೊಡ್ಲಿಲೇ ಕಚ್ಚು ಹಾಕದಂಗ ಸಿಮೆಂಟ್ ಬಳದಾರ," ಎಂದ ಖಾಸಿಂಸಾಬ. "ಹಿಡಿಲಿಲ್ಲ, ಅದಕ್ಕ ಟೊಳ್ಳಾತು. ಯಾ ಗೌಂಡಿರೀ ಅವ?"

ಗೌಂಡಿಯ ತಪ್ಪಲ್ಲ. ಮನೆಗೆ ಸಿಮೆಂಟು ಮಾಡಿಸಿದಾಗ, ಅದು ಹಿಡಿಯಲಿ ಎಂದು ಗೋಡೆಗೆ ಕಚ್ಚು ಹೊಡೆಯಲು ಅವನು ಕೊಡಲಿ ಎತ್ತಿದ್ದ. ಅಕ್ಕ ಅಡ್ಡ ನಿಂತಿದ್ದಳು: "ಮೂರು ದಿನ ಮೆತ್ತೀನಿ ಇದನ್ನ. ಕೊಡ್ಲಿ ಹಚ್ಚಿದ್ರ ನೋಡ್ರಿ ಮತ್ತ! ಮ್ಯಾಲ ಹಂಗ ಬಳ್ಕೊಂಡು ಹೋಗ್ರಿ." ಟೊಳ್ಳು ಅವಳದೇ ಕೆಲಸ. ಬೈಸಿಕೊಂಡದ್ದು ನನ್ನ ತಲೆ.

ಖಾಸಿಂಸಾಬನೂ ಈಗ ಕೊಡಲಿ ಕೈಗೆತ್ತಿಕೊಂಡ. ನಾನೂ ಅಡ್ಡ ನಿಂತೆ. ಆಸ್ತಿಪಾಸ್ತಿ ಏನಿಲ್ಲದಿದ್ದರೂ ಮೊಂಡುತನವಾದರೂ ನಮ್ಮಲ್ಲಿ ವಂಶಕ್ಕೆ ಬಂದಿದೆ.

"ಅಣ್ಣಾರ, ಗೆರಿ ಇಟ್ಕೋತೀರೋ, ಗ್ವಾಡಿ ಇಟ್ಕೋತೀರೋ? ಹಿಂಗ ಬಿಟ್ರ ಈ ಮಳಿಗಾಲಕ್ಕ ಮಣ್ಣೂ ಉದರತೈತಿ."

ನಾನು ಕಟ್ಟೆಯ ಮೇಲೆ ಕೂತೆ. ಅವನು ಬೀಡಿ ಮುಗಿಯುವವರೆಗೆ ಗೋಡೆಯನ್ನೇ ನೋಡಿದ. ಆಮೇಲೆ ಕೊಡಲಿ ಕೆಳಗಿಟ್ಟ.

"ಸಿಮೆಂಟ್ ಬ್ಯಾಡ ತಗೀರಿ. ಮಣ್ಣಿಗೆ ಮಣ್ಣು ಹಿಡೀತೈತಿ. ಕಚ್ಚು ಯಾಕ ಬೇಕು? ನಿಮ್ಮಕ್ಕಾರು ಬೆರಳಿಲೇ ಹಾಕಿಟ್ಟಾರಲ್ಲ."

ಗೋಡೆಗೆ ನೀರು ಚಿಮುಕಿಸಿದ. ಅದು ಉಸಿರೆಳೆದ ಹಾಗೆ ಕುಡಿಯಿತು. ಹೊಟ್ಟು ಕಲಸಿದ ಮಣ್ಣನ್ನು ಹದವಾಗುವ ತನಕ ತುಳಿದು, ಮುದ್ದೆ ಮುದ್ದೆಯಾಗಿ ಗೆರೆಗಳೊಳಗೆ ಒತ್ತಿದ. ಒಂದೊಂದೇ ಕಮಾನು ಮರೆಯಾಯಿತು. ನಾನು ತಡೆಯಲಿಲ್ಲ. ಅಷ್ಟು ತೂಕದ ಹಸಿ ಮಣ್ಣನ್ನು ಒಂದು ಕೈ ಒಳಗಿನಿಂದ ಹಿಡಿದುಕೊಳ್ಳುವುದನ್ನು ಬಾಯಿ ತೆರೆದು ನೋಡುತ್ತ ನಿಂತೆ. ಒಂದು ಹಿಡಿಯೂ ಜಾರಲಿಲ್ಲ.

ಈಗ ಗೋಡೆ ಒಣಗಿದೆ. ಸುಣ್ಣವೂ ಆಗಿದೆ, ಹೊಸ ಜಾಗ ಸ್ವಲ್ಪ ಬೇರೆಯಾಗಿ ಕಾಣುತ್ತದೆ, ಕಾಣಲಿ. ಫೋಟೊ ಎದುರಿನ ಗೋಡೆಯಲ್ಲಿದೆ. ಸೌಟಿನಿಂದ ತಟ್ಟಿ ನೋಡಿದೆ, ಎಲ್ಲೂ ಟೊಳ್ಳಿಲ್ಲ.

ಬೆಳಿಗ್ಗೆ ಚಹಾ ನಾನೇ ಮಾಡಿಕೊಳ್ಳುತ್ತೇನೆ. ಕಪ್ಪಿನ ಹಿಡಿಕೆ ಬಲಕ್ಕೇ ಇರುತ್ತದೆ.